ಆನೆಗಾಗಿ ನಿಧಾನಿಸಿದ ಜಿಲ್ಲೆ ಮಗುವಿಗಾಗಿ ನಿಧಾನಿಸಲಾರದೇ?

ಚಾಮರಾಜನಗರ ಜಿಲ್ಲೆಯ ರಸ್ತೆಗಳಲ್ಲಿ ಎರಡು ಬಗೆಯ ನ್ಯಾಯ ಚಾಲ್ತಿಯಲ್ಲಿದೆ. ಗುಂಡ್ಲುಪೇಟೆಯಿಂದ ಊಟಿಯ ಕಡೆಗೋ ವಯನಾಡಿನ ಕಡೆಗೋ ಹೊರಟ ವಾಹನವು ಬಂಡೀಪುರದ ಕಾಡನ್ನು ಪ್ರವೇಶಿಸಿದೊಡನೆ ತನ್ನ ಅಬ್ಬರವನ್ನು ಕಳೆದುಕೊಳ್ಳುತ್ತದೆ. ರಸ್ತೆಯುಬ್ಬುಗಳು, ವೇಗಮಿತಿಯ ಫಲಕಗಳು, ಅರಣ್ಯ ಇಲಾಖೆಯ ಕಣ್ಗಾವಲು ಇರುವ ಅಲ್ಲಿ ಎಂಥ ಅವಸರದ ಚಾಲಕನೂ ಬ್ರೇಕಿನ ಮೇಲೆ ಕಾಲಿಡುತ್ತಾನೆ. ರಾತ್ರಿ 9ರಿಂದ ಬೆಳಿಗ್ಗೆ 6ರ ವರೆಗಂತೂ ಆಂಬುಲೆನ್ಸ್ ಮತ್ತು ಬೆರಳೆಣಿಕೆಯ ಸರಕಾರಿ ಬಸ್ಸುಗಳ ಹೊರತು ಉಳಿದವರಿಗೆ ಗೇಟು ತೆರೆಯುವುದಿಲ್ಲ. ಆನೆ, ಜಿಂಕೆ, ಕಾಡೆಮ್ಮೆಗಳು ರಸ್ತೆ ದಾಟಬೇಕು. ಆದ್ದರಿಂದ ಮನುಷ್ಯ ಕಾಯಬೇಕು.

ಇನ್ನು ಇದೇ ಜಿಲ್ಲೆಯ ಚಂದಕವಾಡಿಯಂತಹ ಊರನ್ನು ನೋಡಿ. ಅದು ಚಾಮರಾಜನಗರ ತಾಲೂಕಿನ ಒಂದು ಹೋಬಳಿ ಕೇಂದ್ರ. ಹೋಬಳಿ ಕೇಂದ್ರವೆಂದ ಮೇಲೆ ಸುತ್ತಲಿನ ಹಳ್ಳಿಗಳ ಜನರು ಶಾಲೆಗೆ, ನಾಡಕಚೇರಿಗೆ, ಸಂತೆ-ವ್ಯಾಪಾರಕ್ಕೆ ಅಲ್ಲಿಗೆ ಬರಲೇಬೇಕು. ಬಂದವರು ರಸ್ತೆಯನ್ನು ದಾಟಲೇಬೇಕು. ಕಬ್ಬು ಹೇರಿದ ಟ್ರ್ಯಾಕ್ಟರ್, ಜಲ್ಲಿ ತುಂಬಿದ ಟಿಪ್ಪರ್, ಬಾಳೆಗೊನೆಯ ಲಾರಿ, ಸಮಯದ ಹಿಂದೆ ಓಡುವ ಬಸ್ಸು ಮತ್ತು ಯಾರ ಮಾತನ್ನೂ ಕೇಳದ ಬೈಕು, ಇವೆಲ್ಲವುಗಳ ನಡುವೆ ಪುಸ್ತಕದ ಚೀಲ ಹೊತ್ತ ಮಗುವೊಂದು ಬಸ್ಸಿನಿಂದಿಳಿದು ಆಚೆ ಬದಿಗೆ ಸಾಗಬೇಕು. ಅಲ್ಲಿ ಕಾಯಬೇಕಾದದ್ದು ವಾಹನವಲ್ಲ, ಮಗು. ಇಂತಹ ಊರುಗಳು ಈ ರಾಜ್ಯದಲ್ಲಿ ಒಂದೆರಡಲ್ಲ. ಚಂದಕವಾಡಿಯ ಹೆಸರನ್ನು ಅವೆಲ್ಲವುಗಳ ಪರವಾಗಿ ಇಲ್ಲಿ ಎತ್ತಿಕೊಂಡಿದ್ದೇವೆ.

ಬಂಡೀಪುರದ ನಿರ್ಬಂಧವನ್ನು ವಿರೋಧಿಸುವುದು ನಮ್ಮ ಉದ್ದೇಶವಲ್ಲ. ವನ್ಯಜೀವಿಗಳ ಪ್ರಾಣಕ್ಕೂ ಬೆಲೆಯಿದೆ ಮತ್ತು ಆ ಬೆಲೆಯನ್ನು ಗುರುತಿಸಿದ್ದು ಈ ಜಿಲ್ಲೆಯ ಹೆಮ್ಮೆ. 2009ರಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿಗಳು ರಾತ್ರಿ ಸಂಚಾರವನ್ನು ನಿಷೇಧಿಸಿದಾಗ ಎದ್ದ ವಿರೋಧ ಸಣ್ಣದಾಗಿರಲಿಲ್ಲ. ಕೇರಳದ ವ್ಯಾಪಾರಿಗಳು, ಪ್ರಯಾಣಿಕರು, ಸ್ವತಃ ಅಲ್ಲಿನ ಸರಕಾರವೇ ಅದರ ವಿರುದ್ಧ ನಿಂತಿತು. 2010ರಲ್ಲಿ ಕರ್ನಾಟಕ ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ವಿವಾದ ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿತು. 2019ರಲ್ಲಿ ಸುಲ್ತಾನ್ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೂ ನಡೆಯಿತು. ಇಷ್ಟಾದರೂ ನಿರ್ಬಂಧ ಉಳಿಯಿತು. ರಾತ್ರಿ ಹೋಗಲೇಬೇಕಾದವರಿಗೆ ಹುಣಸೂರು, ಗೋಣಿಕೊಪ್ಪ, ಕುಟ್ಟ ಮಾರ್ಗವಾಗಿ ಮಾನಂತವಾಡಿ ತಲುಪುವ ಬದಲಿ ದಾರಿಯನ್ನು ಸೂಚಿಸಲಾಯಿತು. ಇತ್ತ ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಸಾಗುವ ಹೆದ್ದಾರಿಯ ದಿಂಬಂ ಘಾಟಿಯಲ್ಲೂ 2022ರಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಿತ್ತು.

ಇದರಿಂದ ಸ್ಪಷ್ಟವಾಗುವುದೇನು? ವಾಹನದ ವೇಗವೆಂಬುದು ಪ್ರಕೃತಿ ನಿಯಮವಲ್ಲ. ಆಡಳಿತವು ಮನಸ್ಸು ಮಾಡಿದರೆ, ನ್ಯಾಯಾಲಯವು ಬೆಂಬಲಿಸಿದರೆ ಎರಡು ರಾಜ್ಯಗಳ ನಡುವಿನ ರಾಷ್ಟ್ರೀಯ ಹೆದ್ದಾರಿಯನ್ನೂ ನಿಧಾನಗೊಳಿಸಬಹುದು, ಬೇಕಾದರೆ ಮುಚ್ಚಲೂಬಹುದು. ಹಾಗಿರುವಾಗ ಶಾಲೆಯ ಮುಂದಿನ ಅರ್ಧ ಕಿಲೋಮೀಟರ್ ರಸ್ತೆಯನ್ನು ನಿಧಾನಗೊಳಿಸಲು ಸಾಧ್ಯವಿಲ್ಲವೆಂದರೆ ಅದನ್ನು ನಂಬುವುದು ಹೇಗೆ?

ಹಾಗಂತ ನಮ್ಮ ಊರುಗಳಲ್ಲಿ ರಸ್ತೆಯುಬ್ಬುಗಳೇ ಇಲ್ಲವೆಂದಲ್ಲ. ಅವು ಹುಟ್ಟುವ ರೀತಿಯನ್ನು ಗಮನಿಸಬೇಕು. ಮೊದಲು ಒಂದು ಸಾವು ಸಂಭವಿಸುತ್ತದೆ. ಜನ ರೊಚ್ಚಿಗೇಳುತ್ತಾರೆ. ಶವವನ್ನು ರಸ್ತೆಯಲ್ಲಿಟ್ಟು ತಡೆ ನಡೆಸುತ್ತಾರೆ. ಅಧಿಕಾರಿಗಳು ಬಂದು ಭರವಸೆ ಕೊಡುತ್ತಾರೆ. ಅದಾದ ಎರಡೇ ದಿನಗಳಲ್ಲಿ ಡಾಮರು ಮತ್ತು ಜಲ್ಲಿಯ ದಿಬ್ಬವೊಂದು ಎದ್ದು ನಿಲ್ಲುತ್ತದೆ. ಅದಕ್ಕೆ ಅಳತೆಯಿಲ್ಲ, ಬಣ್ಣವಿಲ್ಲ, ಮುನ್ಸೂಚನೆಯ ಫಲಕವಿಲ್ಲ, ಬೀದಿದೀಪವಿಲ್ಲ. ಕತ್ತಲಲ್ಲಿ ಬಂದ ಬೈಕ್ ಸವಾರನೊಬ್ಬ ಅದರ ಮೇಲೆ ಹಾರಿ ಬಿದ್ದಾಗ ಎರಡನೆಯ ಸಾವು. ಈಗ ಆ ದಿಬ್ಬವನ್ನು ತೆಗೆಯಬೇಕೆಂದು ಮನವಿ. ಹೀಗೆ ಒಂದು ಹೆಣಕ್ಕೆ ಉಬ್ಬು ಏಳುತ್ತದೆ, ಇನ್ನೊಂದು ಹೆಣಕ್ಕೆ ಅದು ಇಳಿಯುತ್ತದೆ. ಇವೆರಡರ ನಡುವೆ ಯೋಚನೆಯೆಂಬುದು ಎಲ್ಲಿಯೂ ಸುಳಿಯುವುದಿಲ್ಲ.

ವಾಸ್ತವದಲ್ಲಿ ಇದಕ್ಕೊಂದು ಶಾಸ್ತ್ರವೇ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ತಾಂತ್ರಿಕ ಸಂಸ್ಥೆಯು ರೂಪಿಸಿರುವ ಮಾನದಂಡದ ಪ್ರಕಾರ ಸಾಮಾನ್ಯ ರಸ್ತೆಯುಬ್ಬಿನ ಅಗಲ 3.7 ಮೀಟರ್, ಎತ್ತರ ಕೇವಲ 10 ಸೆಂಟಿಮೀಟರ್. ಗಂಟೆಗೆ ಸುಮಾರು 25 ಕಿ.ಮೀ. ವೇಗದಲ್ಲಿ ಸಾಗುವ ವಾಹನಕ್ಕೆ ಅದು ತೊಂದರೆ ಕೊಡುವುದಿಲ್ಲ. ಅದಕ್ಕಿಂತ ಹೆಚ್ಚು ವೇಗದಲ್ಲಿ ಬಂದವನನ್ನು ಮಾತ್ರ ಕುಲುಕಿಸುತ್ತದೆ. ಗರ್ಭಿಣಿಯ, ರೋಗಿಯ, ಬೆನ್ನುನೋವಿನ ವೃದ್ಧನ ಬಗ್ಗೆ ಕಾಳಜಿ ವ್ಯಕ್ತಪಡಿಸಿ ಉಬ್ಬುಗಳನ್ನು ವಿರೋಧಿಸುವವರಿದ್ದಾರೆ. ಅವರ ದೂರು ಮೊಣಕಾಲೆತ್ತರದ ಅವೈಜ್ಞಾನಿಕ ದಿಬ್ಬಗಳ ಬಗ್ಗೆಯಾದರೆ ಅದು ನ್ಯಾಯವೇ. ಆದರೆ ತಪ್ಪಾಗಿ ಕಟ್ಟಿದ್ದಕ್ಕೆ ಪರಿಹಾರ ಸರಿಯಾಗಿ ಕಟ್ಟುವುದೇ ಹೊರತು ಕಟ್ಟದಿರುವುದಲ್ಲ. ರಾಷ್ಟ್ರೀಯ ಹೆದ್ದಾರಿಗಳಲ್ಲಿನ ಉಬ್ಬುಗಳನ್ನು ತೆಗೆಯಬೇಕೆಂದು ಕೇಂದ್ರ ಸಾರಿಗೆ ಸಚಿವಾಲಯವು 2016ರಲ್ಲಿ ಸೂಚಿಸಿತ್ತು. ಒಳ್ಳೆಯದು. ಆದರೆ ಹೆದ್ದಾರಿಯು ಊರಿನ ನಡುವೆ ಸಾಗುವಲ್ಲಿ ವೇಗವನ್ನು ತಗ್ಗಿಸುವ ಬೇರೆ ಏರ್ಪಾಡನ್ನು ಮಾಡುವ ಹೊಣೆ ಆ ಸೂಚನೆಯಿಂದ ಯಾರ ಹೆಗಲಿನಿಂದಲೂ ಇಳಿಯಲಿಲ್ಲ.

ವೇಗವು ಒಂದು ಜೀವಕ್ಕೆ ಏನು ಮಾಡುತ್ತದೆಂಬುದನ್ನು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ, ಸಣ್ಣ ಲೆಕ್ಕ ಸಾಕು. ಗಂಟೆಗೆ 60 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಕ್ರಮಿಸುತ್ತದೆ; 30 ಕಿ.ಮೀ. ವೇಗದ್ದು ಸುಮಾರು 8 ಮೀಟರ್. ಕಣ್ಣು ಅಪಾಯವನ್ನು ಕಂಡು ಕಾಲು ಬ್ರೇಕನ್ನು ಒತ್ತುವುದಕ್ಕೆ ಒಂದು ಸೆಕೆಂಡಾದರೂ ಬೇಕು. ನಿಂತ ಬಸ್ಸಿನ ಮರೆಯಿಂದ ಮಗುವೊಂದು 15 ಮೀಟರ್ ದೂರದಲ್ಲಿ ರಸ್ತೆಗೆ ಕಾಲಿಟ್ಟಿತೆಂದುಕೊಳ್ಳಿ. ಬ್ರೇಕು ಸರಿಯಾಗಿದ್ದು ರಸ್ತೆ ಒಣಗಿದ್ದರೆ 30ರ ವೇಗದ ಕಾರು ಮಗುವಿನ ಮುಂದೆ ನಿಂತುಬಿಡುತ್ತದೆ. 60ರ ವೇಗದ ಕಾರಿನ ಚಾಲಕನ ಕಾಲು ಬ್ರೇಕನ್ನು ತಲುಪುವ ಮೊದಲೇ ಕಾರು ಮಗುವನ್ನು ತಲುಪಿರುತ್ತದೆ. ಒಂದೇ ರಸ್ತೆ, ಒಂದೇ ಮಗು, ಒಂದೇ ಚಾಲಕ. ಬದಲಾದದ್ದು ವೇಗ ಮಾತ್ರ. ಪಾದಚಾರಿಗೆ ಬಡಿಯುವ ಕಾರಿನ ವೇಗ 50ರಿಂದ 65 ಕಿ.ಮೀ.ಗೆ ಏರಿದರೆ ಸಾವಿನ ಸಾಧ್ಯತೆ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಇನ್ನು ನಿಧಾನಿಸುವುದರಿಂದ ನಾವು ಕಳೆದುಕೊಳ್ಳುವುದಾದರೂ ಏನು? ಊರಿನ ಒಳಗಿನ ಅರ್ಧ ಕಿಲೋಮೀಟರ್ ರಸ್ತೆಯನ್ನು 60ರ ವೇಗದಲ್ಲಿ ದಾಟಲು 30 ಸೆಕೆಂಡು ಬೇಕು, 30ರ ವೇಗದಲ್ಲಿ 60 ಸೆಕೆಂಡು. ನಷ್ಟವಾಗುವುದು ಅರ್ಧ ನಿಮಿಷ. ಮುಂದಿನ ಅಂಗಡಿಯಲ್ಲಿ ಚಹಾ ತಣ್ಣಗಾಗಲೆಂದು ಕಾಯುವ ಸಮಯವೂ ಇದಕ್ಕಿಂತ ಹೆಚ್ಚು.

ಈ ಅರ್ಧ ನಿಮಿಷವನ್ನು ಉಳಿಸಲು ದೇಶ ತೆರುತ್ತಿರುವ ಬೆಲೆ ಅಂಕಿ-ಅಂಶಗಳಲ್ಲಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸಾವಿಗೀಡಾದರು. ಅವರಲ್ಲಿ 32,825 ಮಂದಿ ಪಾದಚಾರಿಗಳು. ಒಟ್ಟು ಸಾವುಗಳಲ್ಲಿ ಶೇ. 71ರಷ್ಟಕ್ಕೆ ಅತಿವೇಗವೇ ಕಾರಣವೆಂದು ಅದೇ ವರದಿ ಗುರುತಿಸಿದೆ. ಅಂದರೆ ದಿನವೊಂದಕ್ಕೆ ಸುಮಾರು 90 ಮಂದಿ ಕೇವಲ ನಡೆದದ್ದಕ್ಕಾಗಿ ಪ್ರಾಣ ಕಳೆದುಕೊಂಡರು. 2025ರ ಜೂನ್ 12ರಂದು ಅಹ್ಮದಾಬಾದಿನ ವಿಮಾನ ದುರಂತದಲ್ಲಿ 260 ಮಂದಿ ಮೃತಪಟ್ಟಾಗ ಇಡೀ ದೇಶ ಮರುಗಿತು, ತನಿಖೆ ನಡೆಯಿತು, ತಿಂಗಳುಗಟ್ಟಲೆ ಚರ್ಚೆಯಾಯಿತು. ಮರುಗಬೇಕಾದದ್ದೇ. ಆದರೆ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಪಾದಚಾರಿಗಳು ಮೂರು ದಿನಗಳಿಗೊಮ್ಮೆ ಸಾಯುತ್ತಿರುವಾಗ ಟಿ.ವಿ. ಚಾನೆಲ್‌ಗಳ ಪರದೆಯಲ್ಲಿ ಒಂದು ಸಾಲು ಕೂಡ ಮೂಡುವುದಿಲ್ಲ. ಕಾರಣವೇನು? ವಿಮಾನದಲ್ಲಿ ಸಾಗುವವರು ಯಾರು, ರಸ್ತೆಯ ಅಂಚಿನಲ್ಲಿ ನಡೆಯುವವರು ಯಾರು ಎಂಬುದರಲ್ಲಿಯೇ ಅದಕ್ಕೆ ಉತ್ತರವಿದೆ. ನಡೆಯುವವರು ಕೂಲಿಕಾರರು, ತರಕಾರಿ ಮಾರುವವರು, ಶಾಲಾ ಮಕ್ಕಳು, ವಾಹನವಿಲ್ಲದ ಮುದುಕರು. ರಸ್ತೆಯನ್ನು ಯೋಜಿಸುವವರು ಕಾರಿನಲ್ಲಿ ಕುಳಿತು ಯೋಜಿಸುತ್ತಾರೆ.

ನಮ್ಮ ರಾಜಕೀಯವೂ ಇದಕ್ಕೆ ಹೊರತಲ್ಲ. ನಯವಾದ ರಸ್ತೆಯನ್ನು ಸಾಧನೆಯೆಂದು ಫ್ಲೆಕ್ಸ್ ಹಾಕಿಸಬಹುದು. ಸುರಕ್ಷಿತವಾಗಿ ದಾಟಬಲ್ಲ ರಸ್ತೆಗೆ ಯಾರೂ ಫ್ಲೆಕ್ಸ್ ಹಾಕಿಸುವುದಿಲ್ಲ. ಹೊಂಡ ತುಂಬಿದ ಹಳೆಯ ರಸ್ತೆಯಲ್ಲಿ ವಾಹನಗಳು ತಾವಾಗಿಯೇ ನಿಧಾನಿಸುತ್ತಿದ್ದವು. ಡಾಮರು ಬಿದ್ದ ಮರುದಿನದಿಂದ ವೇಗ ಇಮ್ಮಡಿಯಾಗುತ್ತದೆ. ರಸ್ತೆಯನ್ನು ನಯಗೊಳಿಸುವ ಅಂದಾಜುಪಟ್ಟಿಯಲ್ಲಿಯೇ ವೇಗ ತಗ್ಗಿಸುವ ಏರ್ಪಾಡನ್ನೂ ಸೇರಿಸದಿದ್ದರೆ ಅಭಿವೃದ್ಧಿಯ ಉಡುಗೊರೆಯೇ ಊರಿಗೆ ಅಪಾಯವಾಗುತ್ತದೆ. ಗುದ್ದಿ ಪರಾರಿಯಾದ ಪ್ರಕರಣಗಳಲ್ಲಿ ಮೃತರ ಕುಟುಂಬಕ್ಕೆ 2 ಲಕ್ಷ ರೂಪಾಯಿ ಪರಿಹಾರ ನೀಡುವ ಯೋಜನೆ 2022ರಿಂದ ಜಾರಿಯಲ್ಲಿದೆ. ಸತ್ತ ಮೇಲೆ ಕೊಡುವ ಹಣದ ಲೆಕ್ಕವಿಟ್ಟ ಸರಕಾರವು ಸಾಯದಂತೆ ತಡೆಯುವ ಬಣ್ಣದ ಪಟ್ಟಿಗೆ, ಒಂದು ಬೀದಿದೀಪಕ್ಕೆ, ಸರಿಯಾದ ಉಬ್ಬಿಗೆ ಹಣವಿಲ್ಲವೆಂದರೆ ಅದು ಬಡತನವಲ್ಲ, ಉದಾಸೀನ.

ಕಾನೂನಿನ ಕೊರತೆಯಂತೂ ಇಲ್ಲ. ಸಾರ್ವಜನಿಕ ಸುರಕ್ಷತೆಗಾಗಿ ನಿರ್ದಿಷ್ಟ ರಸ್ತೆಯಲ್ಲಿ ಕಡಿಮೆ ವೇಗಮಿತಿಯನ್ನು ವಿಧಿಸುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆಯ 112ನೇ ಕಲಮು ರಾಜ್ಯ ಸರಕಾರಕ್ಕೆ ಕೊಟ್ಟಿದೆ. 2019ರ ತಿದ್ದುಪಡಿಯಲ್ಲಿ ಸೇರಿಸಿದ 198ಎ ಕಲಮಿನ ಪ್ರಕಾರ ರಸ್ತೆಯ ವಿನ್ಯಾಸ ಮತ್ತು ನಿರ್ವಹಣೆಯ ಲೋಪದಿಂದ ಸಾವು ಸಂಭವಿಸಿದರೆ ಹೊಣೆಗಾರರಾದ ಸಂಸ್ಥೆ ಹಾಗೂ ಗುತ್ತಿಗೆದಾರರಿಗೆ 1 ಲಕ್ಷ ರೂಪಾಯಿಯ ವರೆಗೆ ದಂಡ ವಿಧಿಸಬಹುದು. ಇದೇ ಚಾಮರಾಜನಗರದಿಂದ ಘಾಟಿ ಇಳಿದರೆ ಸಿಗುವ ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ ಅವರು ರಸ್ತೆ ಸುರಕ್ಷತೆಗಾಗಿ 2012ರಲ್ಲಿ ಸುಪ್ರೀಮ್ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿದ್ದರು. ಒಬ್ಬ ವೈದ್ಯರು ಆರಂಭಿಸಿದ ಆ ಮೊಕದ್ದಮೆಯಲ್ಲಿಯೇ 2025ರ ಮೇ ತಿಂಗಳಲ್ಲಿ ಕೋರ್ಟು, ಸುರಕ್ಷಿತ ಕಾಲ್ದಾರಿಯು ಸಂವಿಧಾನದ 21ನೇ ವಿಧಿಯಡಿ ಪಾದಚಾರಿಯ ಹಕ್ಕು ಎಂದು ಹೇಳಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಪಾದಚಾರಿಗಳ ರಕ್ಷಣೆಗೆ ನಿಯಮಗಳನ್ನು ರಚಿಸುವಂತೆ ರಾಜ್ಯಗಳಿಗೆ ನಿರ್ದೇಶನ ನೀಡಿತು. ಹಕ್ಕು ಎಂದ ಮೇಲೆ ಅದು ಮಹಾನಗರಗಳಿಗೆ ಮಾತ್ರ ಮೀಸಲಾಗಿರಲು ಸಾಧ್ಯವಿಲ್ಲ. ಚಂದಕವಾಡಿಯ ಮಗುವಿಗೂ ಅದೇ 21ನೇ ವಿಧಿ ಅನ್ವಯಿಸುತ್ತದೆ.

ಜನರು ಎಚ್ಚೆತ್ತರೆ ಏನಾಗಬಹುದೆಂಬುದಕ್ಕೆ ನೆದರ್ಲ್ಯಾಂಡ್ಸ್ ಸಾಕ್ಷಿ. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತರೊಬ್ಬರು ಮಕ್ಕಳ ಕೊಲೆಯನ್ನು ನಿಲ್ಲಿಸಿ ಎಂಬ ಅರ್ಥದ ಶೀರ್ಷಿಕೆಯಲ್ಲಿ ಬರೆದ ಬರಹದಿಂದ 1972ರಲ್ಲಿ ಚಳವಳಿಯೇ ಹುಟ್ಟಿತು. ಅವರು ಅದನ್ನು ಅಪಘಾತವೆಂದು ಕರೆಯಲಿಲ್ಲ, ಕೊಲೆಯೆಂದರು. ತಾಯಂದಿರು ಬೀದಿಗಿಳಿದರು. ಕೊನೆಗೆ ವಸತಿ ಬೀದಿಗಳಲ್ಲಿ ವಾಹನಗಳು ನಡಿಗೆಯ ವೇಗದಲ್ಲಷ್ಟೇ ಸಾಗಬೇಕೆಂಬ ನಿಯಮ ಬಂತು. ಅಲ್ಲಿನ ರಸ್ತೆಗಳು ಇಂದು ಸುರಕ್ಷಿತವಾಗಿರುವುದು ಅಲ್ಲಿನವರ ರಕ್ತದಲ್ಲಿ ಶಿಸ್ತಿರುವುದರಿಂದಲ್ಲ. ತಮ್ಮ ಮಕ್ಕಳ ಸಾವನ್ನು ವಿಧಿಯೆಂದು ಒಪ್ಪಿಕೊಳ್ಳಲು ಅವರು ನಿರಾಕರಿಸಿದ್ದರಿಂದ.

ಇಲ್ಲಿ ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ರಸ್ತೆಯಲ್ಲಿ ಮಗು ಸತ್ತಾಗ ಮುಸ್ಲಿಮ್ ಮನೆಗಳಲ್ಲಿ ಮೊದಲು ಕೇಳಿಬರುವ ಮಾತು ತಕ್‌ದೀರ್. ಸಾವು ಅಲ್ಲಾಹನ ತೀರ್ಮಾನವೆಂಬುದರಲ್ಲಿ ವಿಶ್ವಾಸಿಗೆ ಸಂಶಯವಿಲ್ಲ. ದುಃಖಿತರಿಗೆ ಅದು ಸಾಂತ್ವನವೂ ಹೌದು. ಆದರೆ ಅದು ವೇಗವಾಗಿ ಓಡಿಸಿದವನಿಗೆ ಕ್ಷಮಾಪತ್ರವಲ್ಲ, ರಸ್ತೆ ಕಟ್ಟಿದವನಿಗೆ ರಕ್ಷಣೆಯೂ ಅಲ್ಲ. ಸಿರಿಯದಲ್ಲಿ ಪ್ಲೇಗು ಹಬ್ಬಿದ ಸುದ್ದಿ ತಿಳಿದು ಖಲೀಫ ಉಮರ್(ರ) ಅರ್ಧ ದಾರಿಯಿಂದಲೇ ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಪಲಾಯನ ಮಾಡುವಿರಾ ಎಂದು ಅಬೂ ಉಬೈದ(ರ) ಪ್ರಶ್ನಿಸಿದರು. ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯ ಕಡೆಗೆ ಹೋಗುತ್ತಿದ್ದೇವೆ ಎಂಬುದು ಉಮರ್‌ರ(ರ) ಉತ್ತರದ ತಾತ್ಪರ್ಯವಾಗಿತ್ತು. ರಸ್ತೆಯುಬ್ಬು ಕೂಡ ಅಂತಹ ಇನ್ನೊಂದು ವಿಧಿಯೇ.

ಪ್ರಮಾದವಶಾತ್ ಒಬ್ಬ ವಿಶ್ವಾಸಿಯನ್ನು ಕೊಂದವನ ಮೇಲೂ ಪವಿತ್ರ ಕುರ್‌ಆನ್‌ನ ಅನ್ನಿಸಾ ಅಧ್ಯಾಯವು ಪರಿಹಾರಧನವನ್ನೂ ಪ್ರಾಯಶ್ಚಿತ್ತವನ್ನೂ ವಿಧಿಸಿದೆ. ಪ್ರಾಯಶ್ಚಿತ್ತವಾಗಿ ಗುಲಾಮನನ್ನು ವಿಮೋಚಿಸಲಾಗದವನು ಎರಡು ತಿಂಗಳು ನಿರಂತರ ಉಪವಾಸ ಆಚರಿಸಬೇಕು. ಉದ್ದೇಶವಿರಲಿಲ್ಲವೆಂಬ ಮಾತ್ರಕ್ಕೆ ಹೊಣೆ ಇಳಿಯುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿಲುವು ಬೇಕೇ? ಇಸ್ಲಾಮೀ ರಾಷ್ಟ್ರಗಳ ಸಂಘಟನೆಯ ಫಿಕ್‌ಹ್ ಅಕಾಡೆಮಿಯು 1993ರಲ್ಲಿ ಬ್ರೂನೈಯಲ್ಲಿ ಸಭೆ ಸೇರಿ ಈ ವಿಷಯವನ್ನು ಚರ್ಚಿಸಿತು. ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯವೆಂದು ಅದು ನಿರ್ಣಯಿಸಿತು. ವೇಗಮಿತಿ ಮೀರುವುದೆಂದರೆ ಪೊಲೀಸರ ಕಣ್ಣು ತಪ್ಪಿಸುವ ಆಟವಲ್ಲ, ಅದು ಪಾಪವೂ ಹೌದು. ನಮ್ಮ ಎಷ್ಟು ಜುಮಾ ಖುತ್ಬಾಗಳಲ್ಲಿ ಈ ಮಾತು ಕೇಳಿಬಂದಿದೆ?

ಪ್ರವಾದಿ ಮುಹಮ್ಮದ್(ಸ) ಅರಫಾದಿಂದ ಮರಳುವಾಗ ಹಿಂದಿನಿಂದ ಒಂಟೆಗಳನ್ನು ಹೊಡೆದು ಓಡಿಸುವ ಗದ್ದಲ ಕೇಳಿ, ಜನರು ಶಾಂತರಾಗಬೇಕು, ಪುಣ್ಯವು ಧಾವಂತದಲ್ಲಿಲ್ಲ ಎಂದು ಎಚ್ಚರಿಸಿದ್ದರು. ನಮಾಝಿಗೆ ಇಕಾಮತ್ ಕೇಳಿಸಿದರೂ ಓಡಿ ಬರಬಾರದು, ಸಾವಧಾನದಿಂದ ನಡೆದು ಬರಬೇಕು ಎಂದೂ ಅವರು ಕಲಿಸಿದ್ದಾರೆ. ಹೀಗಿದ್ದೂ ಖುತ್ಬಾ ತಪ್ಪುತ್ತದೆಂದು ಶುಕ್ರವಾರ ಮಧ್ಯಾಹ್ನ ಪೇಟೆಯ ಬೀದಿಯಲ್ಲಿ ಬೈಕನ್ನು ಅಡ್ಡಾದಿಡ್ಡಿ ಓಡಿಸುವ ಯುವಕ ಯಾರನ್ನು ಮೆಚ್ಚಿಸಲು ಹೊರಟಿದ್ದಾನೆ? ಮಸೀದಿಯ ಮುಂದೆ ಸಾಲಾಗಿ ನಿಲ್ಲಿಸಿದ ವಾಹನಗಳಿಂದಾಗಿ ನಡೆಯುವವರು ರಸ್ತೆಯ ಮಧ್ಯಕ್ಕೆ ಇಳಿಯಬೇಕಾದರೆ, ದಾರಿಗೂ ಅದರದೇ ಹಕ್ಕಿದೆಯೆಂದು ಕಲಿಸಿದ ಪ್ರವಾದಿಯವರ(ಸ) ಸಮುದಾಯ ನಾವೆಂದು ಹೇಳಿಕೊಳ್ಳುವುದು ಹೇಗೆ? ಶಬೇ ಬರಾಅತ್‌ನ ರಾತ್ರಿಯಲ್ಲಿ, ಈದ್‌ನ ಸಂಜೆಯಲ್ಲಿ ಬೈಕಿನ ಮುಂಗಾಲಿ ಎತ್ತಿ ಸಾಹಸ ತೋರಿಸುವ ಹುಡುಗರಲ್ಲಿ ಹಲವರಿಗೆ ಮೀಸೆಯೂ ಮೂಡಿರುವುದಿಲ್ಲ. ಅವರ ಕೈಗೆ ಕೀಲಿಕೈ ಕೊಟ್ಟವರು ಯಾರು? ಅಪ್ರಾಪ್ತ ವಯಸ್ಕರು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕರಿಗೆ ಮೂರು ವರ್ಷದ ವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡವೆಂದು 2019ರ ತಿದ್ದುಪಡಿ ಹೇಳುತ್ತದೆ. ಆದರೆ ಕಾನೂನು ಬರುವ ವರೆಗೆ ಕಾಯುವ ತಂದೆಯು ತಡವಾಗಿ ಎಚ್ಚರಗೊಂಡ ತಂದೆ.

ಆಡಳಿತವನ್ನು ದೂರುವ ನೈತಿಕ ಹಕ್ಕು ಸಿಗಬೇಕಾದರೆ ಮೊದಲು ನಮ್ಮ ಬೈಕು ನಿಧಾನಿಸಬೇಕು. ಅದಾದ ಬಳಿಕ ಸುಮ್ಮನಿರುವುದೂ ತಪ್ಪು. ರಸ್ತೆಯುಬ್ಬಿಗಾಗಿ ಒಂದು ಸಾವನ್ನು ಕಾಯಬೇಕಾಗಿಲ್ಲ. ಬೆಳಗ್ಗಿನ ಮದ್ರಸಕ್ಕೆ ಮತ್ತು ಶಾಲೆಗೆ ಹೋಗುವ ಮಕ್ಕಳು ಎಲ್ಲಿ ರಸ್ತೆ ದಾಟುತ್ತಾರೆಂಬುದು ಜಮಾಅತ್ ಕಮಿಟಿಗೂ ಶಾಲಾಭಿವೃದ್ಧಿ ಸಮಿತಿಗೂ ಗೊತ್ತೇ ಇದೆ. ಇಬ್ಬರೂ ಕೂಡಿ ಒಂದು ವಾರ ಆ ಸ್ಥಳದಲ್ಲಿ ನಿಂತು ಎಷ್ಟು ಮಕ್ಕಳು ದಾಟುತ್ತಾರೆ, ಎಷ್ಟು ವಾಹನಗಳು ಸಾಗುತ್ತವೆ ಎಂದು ಬರೆದಿಡಲಿ. ಗ್ರಾಮಸಭೆಯಲ್ಲಿ ಅದನ್ನು ಮಂಡಿಸಿ ನಿರ್ಣಯ ಮಾಡಿಸಲಿ. ಲೋಕೋಪಯೋಗಿ ಇಲಾಖೆಗೂ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೂ ಲಿಖಿತ ಮನವಿ ನೀಡಿ ಸ್ವೀಕೃತಿ ಪಡೆಯಲಿ. ಕೇಳಬೇಕಾದದ್ದು ಬರೀ ದಿಬ್ಬವನ್ನಲ್ಲ. ದಾಟುವ ಸ್ಥಳದಲ್ಲಿ ರಸ್ತೆಯನ್ನೇ ಕಾಲ್ದಾರಿಯ ಮಟ್ಟಕ್ಕೆ ಎತ್ತರಿಸಿ ಮೇಲ್ಭಾಗವನ್ನು ಸಮತಟ್ಟಾಗಿಸಿ ಬಿಳಿ ಪಟ್ಟಿ ಬಳಿಯಬೇಕು. ಆಗ ವಾಹನವೂ ನಿಧಾನಿಸುತ್ತದೆ, ಮೊಣಕಾಲು ನೋವಿನ ಅಜ್ಜಿಗೂ ಇಳಿದು ಹತ್ತುವ ಕಷ್ಟ ತಪ್ಪುತ್ತದೆ. ಅದಕ್ಕೂ ಮುನ್ನ ಎಚ್ಚರಿಕೆಯ ಫಲಕ, 30 ಕಿ.ಮೀ. ವೇಗಮಿತಿ, ರಾತ್ರಿಗೆ ದೀಪ ಇರಬೇಕು. ಬಸ್ ನಿಲ್ದಾಣವು ದಾಟುವ ಸ್ಥಳಕ್ಕಿಂತ ತುಸು ಮುಂದಿರಬೇಕು. ಆಗ ಇಳಿದ ಮಗು ಬಸ್ಸಿನ ಹಿಂದಿನಿಂದ ದಾಟುತ್ತದೆ, ಬಸ್ಸನ್ನು ಹಿಂದಿಕ್ಕಿ ಬರುವ ವಾಹನಕ್ಕೆ ಹಠಾತ್ತನೆ ಎದುರಾಗುವುದಿಲ್ಲ.

ಈ ಮನವಿಯನ್ನು ಮುಸ್ಲಿಮರ ಬೇಡಿಕೆಯಾಗಿ ಒಯ್ಯಬೇಡಿ. ಮಸೀದಿಯ ಅಧ್ಯಕ್ಷರ ಜೊತೆ ದೇವಸ್ಥಾನದ ಟ್ರಸ್ಟಿ, ಚರ್ಚಿನ ಪಾದ್ರಿ, ಶಾಲೆಯ ಮುಖ್ಯೋಪಾಧ್ಯಾಯಿನಿ, ಆಟೋ ಚಾಲಕರ ಸಂಘ ಎಲ್ಲರೂ ಸಹಿ ಹಾಕಲಿ. ಟಿಪ್ಪರಿನ ಚಕ್ರಕ್ಕೆ ಮಗುವಿನ ಜಾತಿ, ಧರ್ಮ ಗೊತ್ತಿಲ್ಲ. ಸಮುದಾಯಗಳು ಪರಸ್ಪರ ಮುಖ ತಿರುಗಿಸುತ್ತಿರುವ ಈ ಕಾಲದಲ್ಲಿ ಒಂದು ಬಿಳಿ ಪಟ್ಟಿಗಾಗಿ ಊರು ಒಂದಾದರೆ ಅದರ ಲಾಭ ರಸ್ತೆಗೆ ಮಾತ್ರ ಸೀಮಿತವಾಗದು.

ಇರಾಕಿನ ದಾರಿಯಲ್ಲಿ ಒಂದು ಹೇಸರಗತ್ತೆ ಎಡವಿ ಬಿದ್ದರೂ ಅದಕ್ಕೆ ದಾರಿಯನ್ನು ಏಕೆ ಸಮಗೊಳಿಸಲಿಲ್ಲವೆಂದು ಅಲ್ಲಾಹನು ತನ್ನನ್ನು ವಿಚಾರಿಸುವನೆಂದು ಉಮರ್(ರ) ಭಯಪಡುತ್ತಿದ್ದರೆಂಬ ಉಲ್ಲೇಖವನ್ನು ನಮ್ಮ ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ರಸ್ತೆಯ ಹೊಣೆ ಆಳುವವನದು ಎಂಬ ಪಾಠ ಅದರಲ್ಲಿದೆ. ಪ್ರಾಣಿಯ ವಿಷಯದಲ್ಲಿ ಆ ಪಾಠವನ್ನು ಬಂಡೀಪುರದ ರಸ್ತೆಯಲ್ಲಿ ಈ ಜಿಲ್ಲೆ ಕಲಿತಿದೆ. ಮನುಷ್ಯನ ವಿಷಯದಲ್ಲಿ ಕಲಿಯುವುದು ಬಾಕಿಯಿದೆ. ಆಡಳಿತವು ಕಲಿಯುವ ವರೆಗೆ ಕೇಳುತ್ತಲೇ ಇರುವುದು ನಮ್ಮ ಕೆಲಸ. ನಾಳೆ ಬೆಳಿಗ್ಗೆ ಮಕ್ಕಳು ಶಾಲೆಗೆ ಹೊರಡುವ ಹೊತ್ತಿನಲ್ಲಿ ಶಾಲೆಯ ಮುಂದೆ ನಮ್ಮ ವಾಹನದ ವೇಗವನ್ನು ಇಳಿಸಲು ಮಾತ್ರ ಯಾರ ಆದೇಶಕ್ಕೂ ಕಾಯಬೇಕಾಗಿಲ್ಲ.